ಕೂತವಳ ಕುರ್ಚಿ

ಮಾರ್ಚ್ ೪, ಮಂಗಳವಾರ

ಹೊಸ ಮೇಲ್ವಿಚಾರಕರು ಬಂದರು. ಬಂದ ಒಂದೇ ಗಂಟೆಯಲ್ಲಿ ನಮ್ಮ ಬೆಂಚು ಹೋಯಿತು.

ಹಿತ್ತಿಲ ಬಾಗಿಲ ಬಳಿ, ನಲ್ಲಿಯ ಪಕ್ಕ, ನಾನು ಈ ಸ್ಮಾರಕದ ಮನೆಗೆ ಮಾರ್ಗದರ್ಶಿಯಾಗಿ ಸೇರಿದಾಗಿನಿಂದ, ಅಂದರೆ ಹತ್ತೊಂಬತ್ತು ವರ್ಷದಿಂದ ಇದ್ದ ಬೆಂಚು ಅದು. ಒಂದು ಕಾಲು ಗಿಡ್ಡವಾಗಿತ್ತು, ಅದರಡಿ ಹಳೆಯ ಕರಪತ್ರಗಳನ್ನು ಮಡಚಿ ಇಟ್ಟಿದ್ದೆವು. ಮೇಲ್ವಿಚಾರಕರು ಅದರ ಸುತ್ತ ಒಂದು ಸುತ್ತು ಬಂದು, ಇದು ಚಳವಳಿಯ ಕಾಲದ್ದೋ ಎಂದು ಕೇಳಿದರು. ಅಲ್ಲ, ನಾವು ಊಟಕ್ಕೆ ಕೂರುವ ಬೆಂಚು ಎಂದೆ. ಹಾಗಿದ್ದರೆ ಐತಿಹಾಸಿಕ ಮನೆಯಲ್ಲಿ ಇದಕ್ಕೇನು ಕೆಲಸ ಎಂದು ಹೊರಗೆ ಹಾಕಿಸಿದರು. ಮಧ್ಯಾಹ್ನ ಅವರ ತಿರುಗುವ ಕುರ್ಚಿ ಬಂತು. ಒಳ್ಳೆ ಮೆತ್ತೆ, ಕೆಳಗೆ ಐದು ಚಕ್ರ. ಇಬ್ಬರು ಹೊತ್ತು ಮೇಲಿನ ಕೋಣೆಗೆ ಸಾಗಿಸಿದರು. ಅದು ಯಾವ ಕಾಲದ್ದು ಎಂದು ಯಾರೂ ಕೇಳಲಿಲ್ಲ.

ಸಂಜೆ ಸುತ್ತೋಲೆ ಬಂತು. ಕೆಲಸದ ವೇಳೆಯಲ್ಲಿ ಸಿಬ್ಬಂದಿ ಸ್ಮಾರಕದ ಆವರಣದಲ್ಲಿ ಎಲ್ಲಿಯೂ ಕೂರತಕ್ಕದ್ದಲ್ಲ. ಟಿಕೆಟ್ ಕೊಡುವ ಹುಡುಗ, ನಾವೆಲ್ಲ ತಮ್ಮ ಎಂದು ಕರೆಯುವವನು, ಕೂರಲು ಅವಕಾಶ ಕೊಡಬೇಕೆಂದು ಕಾನೂನೇ ಇದೆಯಲ್ಲ ಸರ್, ಈ ಮನೆಯಿಂದಲೇ ಬಂದದ್ದಲ್ಲವೇ ಎಂದ. ಆ ಕಾನೂನು ಅಂಗಡಿ, ಕಾರ್ಖಾನೆಗಳಿಗೆ ಮಾತ್ರ, ಇದು ಎರಡೂ ಅಲ್ಲ ಎಂದರು. ತಮ್ಮನ ಸ್ಟೂಲನ್ನೂ ತೆಗೆಸಿದರು.

"ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ" ಎಂದು ನೆಲ ಒರೆಸುವ ಅಕ್ಕ ಗೊಣಗಿದಳು. ಸುಮ್ಮನಿರು ಎಂದೆ. ಐತಿಹಾಸಿಕ ಜಾಗ ಅಂದಮೇಲೆ ಶಿಸ್ತು ಬೇಕು. ನಾನಂತೂ ಮೊದಲಿನಿಂದ ಶಿಸ್ತಿನವಳು.

ಮನೆಯವರಿಗೆ ಹೇಳಿದೆ. ಅವರು ಬಸ್ ಓಡಿಸುವವರು, ದಿನವಿಡೀ ಕೂತೇ ಕೆಲಸ, ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು ಮಲಗಿದ್ದರು. ನಮ್ಮಿಬ್ಬರನ್ನೂ ಅರ್ಧರ್ಧ ಕತ್ತರಿಸಿ ಜೋಡಿಸಿದ್ದರೆ ಒಬ್ಬ ಆರೋಗ್ಯವಂತ ಮನುಷ್ಯ ಆಗುತ್ತಿದ್ದ ಎಂದರು.

ಮಾರ್ಚ್ ೬, ಗುರುವಾರ

ಇವತ್ತು ಕಥೆ ಬಹಳ ಚೆನ್ನಾಗಿ ಬಂತು. ನಿವೃತ್ತರ ಗುಂಪೊಂದು ಬಂದಿತ್ತು. ಹೆಂಗಸರು ಕಣ್ಣೊರೆಸಿಕೊಂಡರು.

ಕಥೆಯನ್ನು ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಇದು ಜಂಬವಲ್ಲ. ಎಪ್ಪತ್ತೈದು ವರ್ಷದ ಹಿಂದೆ ಇದು ಇಸ್ತ್ರಿ ಮನೆ. ಮಾಲೀಕ ಮೇಲೆ, ಕೆಲಸ ಕೆಳಗೆ. ಊರಿನ ವಸತಿಗೃಹಗಳ ಹಾಸಿಗೆ ಬಟ್ಟೆಗಳಿಗೆಲ್ಲ ಇಲ್ಲೇ ಇಸ್ತ್ರಿ. ಉದ್ದ ಮೇಜಿನ ಎರಡೂ ಕಡೆ ಹನ್ನೊಂದು ಹೆಂಗಸರು, ದಿನಕ್ಕೆ ಹದಿನಾಲ್ಕು ಗಂಟೆ ನಿಂತೇ ದುಡಿತ. ಒಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಮಾಲೀಕ ಮೂಲೆಯಲ್ಲಿದ್ದ ತನ್ನ ಕುರ್ಚಿಯಿಂದೆದ್ದು ಬಟ್ಟೆ ಪರೀಕ್ಷಿಸಲು ಬಂದ. ಒಬ್ಬಳು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟಳು. ನಡೆದು ಹೋದಳು. ಆ ಕುರ್ಚಿಯಲ್ಲಿ ಕೂತಳು.

ಇಲ್ಲಿ ನಾನು ಹತ್ತು ಉಸಿರು ಸುಮ್ಮನಿರುತ್ತೇನೆ. ಈ ಮೌನ ಇಲಾಖೆ ಕೊಟ್ಟ ಬರಹದಲ್ಲಿ ಇಲ್ಲ, ನಾನೇ ಸೇರಿಸಿದ್ದು. ಹಗ್ಗ ಕಟ್ಟಿದ ಆ ಕುರ್ಚಿಯನ್ನೇ ಎಲ್ಲರೂ ನೋಡುತ್ತಾರೆ. ಆಮೇಲೆ ಅವಳ ಮಾತು: "ಇದು ಬರಿಯ ಕುರ್ಚಿಯಲ್ಲ, ದುಡಿಯುವವರ ಗೌರವದ ಪೀಠ! ನಾನು ಏಳುವುದಿಲ್ಲ!" ಸಂಜೆಯೊಳಗೆ ಉಳಿದ ಹತ್ತು ಮಂದಿಯೂ ನೆಲದ ಮೇಲೆ ಕೂತರು. ವಾರದೊಳಗೆ ಊರು ಕೂತಿತು, ವರ್ಷದೊಳಗೆ ದೇಶ ಕೂತಿತು. ಕೂರುವ ಚಳವಳಿ ಹುಟ್ಟಿದ್ದು ಹೀಗೆ.

ಕಥೆ ಮುಗಿದ ಮೇಲೆ ಊರುಗೋಲಿನ ಯಜಮಾನರೊಬ್ಬರು ನನ್ನ ಹತ್ತಿರ ಬಂದು ಮೆಲ್ಲಗೆ, ಸ್ವಲ್ಪ ಕೂರಬೇಕಿತ್ತಮ್ಮ, ಎಲ್ಲಿ ಕೂರಲಿ ಎಂದು ಕೇಳಿದರು. ರಸ್ತೆ ದಾಟಿದರೆ ಬಸ್ ನಿಲ್ದಾಣದಲ್ಲಿ ಕಲ್ಲಿನ ಆಸನ ಇದೆ ಎಂದು ವಿನಯವಾಗಿಯೇ ಹೇಳಿದೆ. ಅವರು ಅಂಗಳದ ಪ್ರತಿಮೆಯ ಕಟ್ಟೆಯ ಮೇಲೆ ಕೂತರು. ಗೇಟು ಕಾಯುವ ಮಾವ ಹೋಗಿ ಎಬ್ಬಿಸಬೇಕಾಯಿತು.

ಪ್ರತಿಮೆಯಲ್ಲಿ ಆ ಕೂತವಳು, ನಮ್ಮ ಚಳವಳಿಯ ತಾಯಿ, ನಿಂತಿದ್ದಾಳೆ. ಕೂತರೆ ಉತ್ಸಾಹ ಕಾಣುವುದಿಲ್ಲ ಎಂದು ಆಗಿನ ಸಮಿತಿ ತೀರ್ಮಾನಿಸಿತ್ತಂತೆ.

ಬಲ ಮೊಣಕಾಲು ಊದಿದೆ.

ಮಾರ್ಚ್ ೯, ಭಾನುವಾರ

ಜನವೋ ಜನ. ಆರು ಸಲ ಕಥೆ.

ಬಾಗಿಲು ಹಾಕುವ ಹೊತ್ತಿಗೆ ಅಕ್ಕ ಬಕೆಟ್ಟಿನ ಪಕ್ಕ ಗೋಡೆಗೆ ಒರಗಿ ನಿಂತು ನಕ್ಕಳು. ನೀನು ಹೇಳುವ ಆ ಉದ್ದದ ಮಾತನ್ನು ದೊಡ್ಡಮ್ಮ ಆಡಿದವಳೇ ಅಲ್ಲ ಎಂದಳು. ಚಳವಳಿಯ ತಾಯಿಯನ್ನು ಅಕ್ಕ ದೊಡ್ಡಮ್ಮ ಅನ್ನುವುದು. ಅಕ್ಕನ ಅಮ್ಮ ಆ ಹನ್ನೊಂದು ಜನರಲ್ಲಿ ಒಬ್ಬಳು. ಅದೇ ಮೇಜಿನಲ್ಲಿ ಪಕ್ಕದಲ್ಲೇ ನಿಂತಿದ್ದವಳು.

ಮತ್ತೆ ಏನಂದಳಂತೆ ಎಂದು ಕೇಳಿದೆ.

"ಮಾಲೀಕ ಬಂದು, ಏನೇ ಇದು, ನಿಂಗೇನು ಬೇಕು ಅಂದನಂತೆ. ಕಾಲು ನೋಯ್ತಿದೆ ಸಾಹೇಬ್ರೆ ಅಂದಳಂತೆ. ಅಷ್ಟೇ ಕಣೆ."

ನನಗೆ ಸಿಟ್ಟು ಬಂತು. ದೇಶವನ್ನೇ ಕೂರಿಸಿದ ಹೆಂಗಸು ಹಾಗೆ ಮಾತಾಡುತ್ತಾಳೆಯೇ? ಕಾಲು ನೋವು ಯಾರಿಗಿಲ್ಲ? ಕಾಲು ನೋಯುತ್ತದೆ ಎಂದು ಹೇಳಿದ್ದಕ್ಕೆ ಯಾರಾದರೂ ಸ್ಮಾರಕ ಕಟ್ಟಿಸುತ್ತಾರೆಯೇ? ನಿನ್ನ ಅಮ್ಮನಿಗೆ ಇಸ್ತ್ರಿಯ ಹಬೆಯಲ್ಲಿ ಸರಿಯಾಗಿ ಕೇಳಿಸಿರಲಿಕ್ಕಿಲ್ಲ ಎಂದೆ. ಇರಬಹುದು ಎಂದು ಅಕ್ಕ ಬಕೆಟ್ ಎತ್ತಿಕೊಂಡಳು. ಅವಳಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನುವುದಿಲ್ಲ. ಇನ್ನು ಎಂಟು ತಿಂಗಳಿಗೆ ಪಿಂಚಣಿ, ಆಮೇಲೆ ಮಲಗಿಕೊಂಡೇ ಇರುತ್ತೇನೆ ಅನ್ನುತ್ತಾಳೆ.

ಮಾರ್ಚ್ ೧೩, ಗುರುವಾರ

ನನ್ನ ಕೆಲಸಕ್ಕೆ ಕೊನೆಗೂ ಬೆಲೆ ಬಂತು!

ಮೇಲ್ವಿಚಾರಕರು ಮೇಲಕ್ಕೆ ಕರೆಸಿದರು. ಇಪ್ಪತ್ತೇಳಕ್ಕೆ ಎಪ್ಪತ್ತೈದನೆಯ ವರ್ಷದ ಸಮಾರಂಭ, ಮಂತ್ರಿಗಳು ಬರುತ್ತಾರೆ, ಕಥೆ ನೀವೇ ಹೇಳಬೇಕು ಎಂದರು. ಎಲ್ಲ ಸರಿಹೋದರೆ ಮುಖ್ಯ ಮಾರ್ಗದರ್ಶಿ ಎಂಬ ಹುದ್ದೆ, ಎದೆಗೆ ಹಿತ್ತಾಳೆಯ ಬಿಲ್ಲೆ. ಈಗಲೂ ನಾನೊಬ್ಬಳೇ ಮಾರ್ಗದರ್ಶಿ. ಆದರೂ ಮುಖ್ಯ ಎನ್ನುವ ಮಾತಿಗೆ ಒಂದು ತೂಕ ಇದೆ.

ಜೊತೆಗೆ ಶಿಸ್ತಿನ ಪುಸ್ತಕವನ್ನು ನನ್ನ ಕೈಗೇ ಕೊಟ್ಟರು. ಯಾರಾದರೂ ಕೂತದ್ದು ಕಂಡರೆ ದಿನಾಂಕ, ವೇಳೆ, ಎಷ್ಟು ನಿಮಿಷ, ಯಾವುದರ ಮೇಲೆ ಎಂದು ಬರೆಯಬೇಕು. ನಂಬಿಕೆ ಇರುವವರಿಗೆ ಮಾತ್ರ ಕೊಡುವ ಕೆಲಸ ಎಂದರು. ಅವರು ಮಾತಾಡುವಾಗ ಕುರ್ಚಿ ಎಡಕ್ಕೂ ಬಲಕ್ಕೂ ತಿರುಗುತ್ತಿತ್ತು, ನಾನು ನಿಂತಲ್ಲೇ ಕತ್ತು ತಿರುಗಿಸುತ್ತಿದ್ದೆ.

ಮನೆಯವರಿಗೆ ಹೇಳಿದರೆ, "ಹೇಳೋದು ಶಾಸ್ತ್ರ, ಇಕ್ಕೋದು ಗಾಳ" ಎಂದು ಮಗ್ಗುಲು ಬದಲಿಸಿದರು. ಹೊಟ್ಟೆಕಿಚ್ಚು.

ಮಾರ್ಚ್ ೧೪, ಶುಕ್ರವಾರ

ಮಧ್ಯಾಹ್ನ ಮೂರಕ್ಕೆ ಜನ ಇರಲಿಲ್ಲ. ಇಸ್ತ್ರಿ ಕೋಣೆಗೆ ಹೋದರೆ ಹಗ್ಗ ಬಿಚ್ಚಿದೆ, ಅಕ್ಕ ಆ ಕುರ್ಚಿಯ ಮೇಲೆಯೇ ಕೂತಿದ್ದಾಳೆ! ಮುಖ ಬಿಳಿಚಿಕೊಂಡಿತ್ತು, ಹಣೆಯೆಲ್ಲ ಬೆವರು. ತಲೆ ಸುತ್ತಿತು, ಹತ್ತಿರ ಇದ್ದದ್ದು ಇದೊಂದೇ ಕಣೆ ಎಂದಳು. ನಾನು ನೀರು ತಂದುಕೊಟ್ಟೆ, ಚೀಲದಲ್ಲಿದ್ದ ಬಿಸ್ಕತ್ತೂ ಕೊಟ್ಟೆ. ಸುಧಾರಿಸಿಕೊಂಡು ಎದ್ದಳು, ಕುರ್ಚಿಯನ್ನು ತನ್ನ ಸೆರಗಿನಿಂದಲೇ ಒರೆಸಿ ಹಗ್ಗ ಕಟ್ಟಿದಳು.

ಆಮೇಲೆ ಪುಸ್ತಕದಲ್ಲಿ ಬರೆದೆ. ನಾಲ್ಕು ನಿಮಿಷ, ಐತಿಹಾಸಿಕ ಕುರ್ಚಿಯ ಮೇಲೆ. ಬರೆಯದೆ ಇರಲಾದೀತೇ? ಅಕ್ಕನೆಂದು ಬಿಟ್ಟರೆ ನಾಳೆ ತಮ್ಮ ಕೂರುತ್ತಾನೆ, ನಾಳಿದ್ದು ಮಾವ. ಮೇಲ್ವಿಚಾರಕರು ಹೆಚ್ಚೆಂದರೆ ಕರೆದು ಎರಡು ಮಾತು ಹೇಳಿಯಾರು. ಪುಸ್ತಕದ ಮೊದಲ ಪುಟ, ಅಕ್ಷರ ಮುತ್ತಿನಂತೆ ಬಂದಿದೆ.

ಮಾರ್ಚ್ ೧೮, ಮಂಗಳವಾರ

ಅಕ್ಕನನ್ನು ಅಮಾನತು ಮಾಡಿದ್ದಾರೆ. ವಿಚಾರಣೆ ಏಪ್ರಿಲ್ ಮೂರಕ್ಕೆ. ತಪ್ಪು ಸಾಬೀತಾದರೆ ಕೆಲಸವೂ ಇಲ್ಲ, ಪಿಂಚಣಿಯೂ ಇಲ್ಲ. ಸಾಕ್ಷಿ ಒಂದೇ, ಪುಸ್ತಕ.

ನಾನು ಕಂಡದ್ದನ್ನು ಬರೆದೆ, ಅಷ್ಟೇ.

ಮಾರ್ಚ್ ೧೯, ಬುಧವಾರ

ಬರೆಯುವಂಥದ್ದೇನೂ ಇಲ್ಲ. ಮೇಜಿನ ಮೇಲೆ ಧೂಳು.

ಮಾರ್ಚ್ ೨೨, ಶನಿವಾರ

ಕೆಲಸ ಮುಗಿಸಿ ಅಕ್ಕನ ಮನೆಗೆ ಹೋದೆ. ಮೂರು ಮಹಡಿ ಹತ್ತಬೇಕು, ಪ್ರತಿ ಮೆಟ್ಟಿಲಿಗೂ ನನ್ನ ಮೊಣಕಾಲು ಕಟಕಟ. ಬೈಯುತ್ತಾಳೆ ಎಂದುಕೊಂಡು ಉತ್ತರವನ್ನೆಲ್ಲ ಸಿದ್ಧ ಮಾಡಿಕೊಂಡಿದ್ದೆ. ನಿಯಮ, ಜವಾಬ್ದಾರಿ, ನನ್ನ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ, ಎಲ್ಲ.

ಬಾಗಿಲು ತೆಗೆದವಳೇ ನನ್ನ ಕಾಲು ನೋಡಿದಳು. ಮನೆಯಲ್ಲಿ ಇದ್ದ ಒಂದೇ ಕುರ್ಚಿಯ ಮೇಲಿನ ಮಡಚಿದ ಬಟ್ಟೆ ತೆಗೆದು, ಮೊದಲು ಕೂತುಕೋ ಎಂದಳು. ತಾನು ಮಂಚದ ಅಂಚಿಗೆ ಕೂತಳು. ಚಹಾ ಕೊಟ್ಟಳು. ಬಹಳ ಹೊತ್ತು ಅದೂ ಇದೂ ಮಾತಾಡಿದಳು. ಏಳುವ ಹೊತ್ತಿಗೆ ನಾನೇ ತಡೆಯಲಾರದೆ, ಬರೆದವಳು ನಾನೇ ಅಕ್ಕ ಎಂದೆ.

"ಗೊತ್ತು. ನಾಲ್ಕು ನಿಮಿಷ ಅಂತ ಬರ್ದಿದ್ದೀಯಂತೆ. ಮೂರೇ ಇರ್ಬೇಕು ಕಣೆ" ಎಂದಳು. ನಕ್ಕಳು ಕೂಡ.

ಬೈದಿದ್ದರೆ ಚೆನ್ನಾಗಿತ್ತು. ರಾತ್ರಿ ಊಟ ಬೇಡವೆಂದು ಎದ್ದೆ. ಚಹಾಕ್ಕೆ ಹಾಲು ಕೆಟ್ಟಿತ್ತೋ ಏನೋ.

ಮಾರ್ಚ್ ೨೬, ಬುಧವಾರ

ಸಮಾರಂಭದ ತಾಲೀಮು. ಬಾಡಿಗೆಗೆ ಎಂಬತ್ತು ಕುರ್ಚಿ ಬಂದಿವೆ, ಎಲ್ಲಕ್ಕೂ ಬಿಳಿ ಗವಸು. ಇಳಿಸಿದವರು, ಸಾಲಾಗಿ ಇಟ್ಟವರು, ಗವಸು ಹಾಕಿದವರು ನಾವು. ಮಾವ ಗವಸು ಸರಿಮಾಡುವ ನೆಪದಲ್ಲಿ ಒಂದರ ತುದಿಗೆ ಸೊಂಟ ಊರಿದ. ನಾನು ಕಿಟಕಿಯಾಚೆ ನೋಡಿದೆ. ಪುಸ್ತಕ ಎಲ್ಲಿಟ್ಟೆನೋ ನೆನಪಾಗಲಿಲ್ಲ.

ತಾಲೀಮು ಮುಗಿದ ಮೇಲೆ ಮೇಲ್ವಿಚಾರಕರ ಹತ್ತಿರ ಹೋಗಿ, ಆ ಪುಟದಲ್ಲಿ ಅಕ್ಕನಿಗೆ ತಲೆ ಸುತ್ತಿತ್ತು ಎಂದು ಒಂದು ಸಾಲು ಸೇರಿಸಲೇ ಎಂದು ಕೇಳಿದೆ. ಬೇಡ ಎಂದರು. ಒಮ್ಮೆ ಬರೆದದ್ದನ್ನು ತಿದ್ದಬಾರದಂತೆ, ಅದು ದಾಖಲೆಯಂತೆ, ಇತಿಹಾಸವನ್ನು ಕಾಪಾಡುವುದೇ ನಮ್ಮ ಕೆಲಸವಂತೆ. ಚಳವಳಿಯ ತಾಯಿಯ ಮಾತನ್ನು ಇನ್ನೂ ಒಂದು ಸಾಲು ಉದ್ದ ಮಾಡಿದರೆ ಮಂತ್ರಿಗಳಿಗೆ ಹಿಡಿಸುತ್ತದೆ ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ಮಾರ್ಚ್ ೨೭, ಗುರುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಮೊದಲು ಹೇಳಿಬಿಡುತ್ತೇನೆ, ನಾನು ಬೇಕೆಂದು ಮಾಡಿದ್ದಲ್ಲ.

ಮಂತ್ರಿಗಳು ಎರಡು ಗಂಟೆ ತಡವಾಗಿ ಬಂದರು. ಎಂಬತ್ತು ಕುರ್ಚಿಯೂ ತುಂಬಿತ್ತು. ಮಂತ್ರಿಗಳ ಕೈಚೀಲಕ್ಕೂ ಒಂದು ಕುರ್ಚಿ. ನಾನು, ತಮ್ಮ, ಮಾವ ಗೋಡೆಗೆ ಒರಗದಂತೆ ಗೋಡೆಯ ಪಕ್ಕ ನಿಂತಿದ್ದೆವು. ದುಡಿಯುವ ಕಟ್ಟಕಡೆಯ ಮನುಷ್ಯನಿಗೂ ಕೂರುವ ಹಕ್ಕು ಎಂಬ ವಿಷಯದ ಮೇಲೆ ಮಂತ್ರಿಗಳು ಒಂದು ಗಂಟೆ ಹತ್ತು ನಿಮಿಷ ಮಾತಾಡಿದರು. ಬಹಳ ಚೆನ್ನಾಗಿ ಮಾತಾಡಿದರಂತೆ. ನನಗೆ ಮೊಣಕಾಲಿನ ಸದ್ದು ಬಿಟ್ಟು ಬೇರೆ ಕೇಳಿಸಲಿಲ್ಲ.

ಆಮೇಲೆ ನನ್ನ ಕಥೆ. ಇಸ್ತ್ರಿ ಮೇಜು, ಹನ್ನೊಂದು ಹೆಂಗಸರು, ಮಾಲೀಕ ಎದ್ದು ಬಂದದ್ದು, ಎಲ್ಲ ಎಂದಿನಂತೆ ಬಂತು. ಆ ಕುರ್ಚಿಯಲ್ಲಿ ಕೂತಳು ಎಂದೆ. ಮೌನ. ಒಂದು ಉಸಿರು, ಎರಡು, ಮೂರು. ಕುರ್ಚಿಯ ಕಡೆ ನೋಡಿದೆ. ಅದರ ಕೈಯ ಮೇಲೆ ಸಣ್ಣ ಬೆವರಿನ ಕಲೆ ಇನ್ನೂ ಇತ್ತು, ಅಕ್ಕ ಒರೆಸಿದ್ದು ಸಾಲದಾಗಿತ್ತು. ನಾಲ್ಕು, ಐದು. ಬಲ ಮೊಣಕಾಲು ನನ್ನ ಮಾತು ಕೇಳುವುದನ್ನು ಬಿಟ್ಟಿತು. ಮುಂದಕ್ಕೆ ಬಿದ್ದರೆ ಮಂತ್ರಿಗಳ ಮೇಲೆಯೇ ಬೀಳಬೇಕು. ಹಿಂದೆ ಇದ್ದದ್ದು ಅದೊಂದೇ. ಹಗ್ಗ ಎತ್ತಿ ಕೂತುಬಿಟ್ಟೆ.

ಹತ್ತೊಂಬತ್ತು ವರ್ಷ ಅದರ ಬಗ್ಗೆ ಮಾತಾಡಿದ್ದೇನೆ, ಅದರ ಮಧ್ಯ ಅಷ್ಟು ತಗ್ಗಾಗಿದೆ ಎಂದು ಗೊತ್ತಿರಲಿಲ್ಲ. ಎಂಥ ಸುಖ! ಕಣ್ಣಲ್ಲಿ ನೀರು ಬಂತು. ಮೇಲ್ವಿಚಾರಕರ ಮುಖ ಸುಣ್ಣದಂತಾಯಿತು. ನನ್ನ ಕಥೆ ಮುಗಿಯಿತು, ಬಿಲ್ಲೆಯೂ ಹೋಯಿತು, ಅಕ್ಕನ ಹಿಂದೆ ನಾನೂ ಎಂದುಕೊಂಡೆ.

ಅಷ್ಟರಲ್ಲಿ ಮಂತ್ರಿಗಳು ಎದ್ದು ಚಪ್ಪಾಳೆ ತಟ್ಟಿದರು. ಅವರು ಎದ್ದದ್ದೇ ತಡ, ಎಲ್ಲರೂ ಎದ್ದರು. ಇಡೀ ಮನೆಯಲ್ಲಿ ದೊಡ್ಡವರೆಲ್ಲ ನಿಂತಿದ್ದರು, ಕೂತವಳು ನಾನೊಬ್ಬಳೇ. ಫೋಟೊದವರು ಮುನ್ನುಗ್ಗಿ, ಇನ್ನೊಂದು ಸಲ ಕೂರಿ ಮೇಡಂ, ಸ್ವಲ್ಪ ನಿಧಾನವಾಗಿ ಎಂದರು. ಮೂರು ಸಲ ಕೂತೆ. ಅದ್ಭುತ ಕಲ್ಪನೆ, ಯಾರದು ಎಂದು ಮಂತ್ರಿಗಳು ಕೇಳಿದರು. ನಮ್ಮದೇ ಸರ್ ಎಂದರು ಮೇಲ್ವಿಚಾರಕರು.

ಮಂತ್ರಿಗಳು ನನ್ನ ಕೈ ಕುಲುಕಿ, ಏನಾದರೂ ಹೇಳುವುದಿದೆಯೇ ಎಂದರು. ಅಕ್ಕನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಧನ್ಯವಾದ ಎಂದೆ. ಅವರು ಕಾರಿಗೆ ಹತ್ತಿದರು. ಥೂ ನನ್ನ ಬಾಯಿಗೆ.

ಮಾರ್ಚ್ ೨೮, ಶುಕ್ರವಾರ

ಪತ್ರಿಕೆಗಳಲ್ಲೆಲ್ಲ ನನ್ನ ಫೋಟೊ. ಮನೆಯವರು ಬಸ್ಸಿನ ಗಾಜಿಗೆ ಅಂಟಿಸಿಕೊಂಡಿದ್ದಾರಂತೆ.

ಹೊಸ ಸುತ್ತೋಲೆ. ಪ್ರತಿದಿನ ಬೆಳಿಗ್ಗೆ ಹನ್ನೊಂದಕ್ಕೆ ಮಾರ್ಗದರ್ಶಿ ಐತಿಹಾಸಿಕ ಕುರ್ಚಿಯಲ್ಲಿ ಎರಡು ನಿಮಿಷ ಕೂತು ಪ್ರದರ್ಶನ ನೀಡತಕ್ಕದ್ದು. ನಂತರ ಏಳತಕ್ಕದ್ದು. ಬಿಲ್ಲೆಯೂ ಬಂತು.

ನಾನು ಕೂತರೆ ಪ್ರದರ್ಶನ, ಅಕ್ಕ ಕೂತರೆ ಅಪರಾಧ, ಇದು ಹೇಗೆ ಸರ್ ಎಂದು ಕೇಳಿದೆ. ನೀವು ಆದೇಶದ ಮೇಲೆ ಕೂರುತ್ತೀರಿ, ಆಕೆ ಸುಸ್ತಾಗಿ ಕೂತಳು, ವ್ಯತ್ಯಾಸ ಇಲ್ಲವೇ ಎಂದರು. ಆ ಕ್ಷಣಕ್ಕೆ ಸರಿ ಎನಿಸಿತು. ಮೆಟ್ಟಿಲಿಳಿಯುವಾಗ ಸರಿ ಎನಿಸಲಿಲ್ಲ.

ಮಾರ್ಚ್ ೩೦, ಭಾನುವಾರ

ಮೂರು ದಿನದಿಂದ ಕೂತು ಏಳುತ್ತಿದ್ದೇನೆ. ಮೇಲ್ವಿಚಾರಕರು ಗಡಿಯಾರ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ, ಎರಡು ನಿಮಿಷಕ್ಕೆ ಕೆಮ್ಮುತ್ತಾರೆ. ಜನ ಚಪ್ಪಾಳೆ ಹೊಡೆಯುತ್ತಾರೆ. ಏಳುವಾಗ ಪ್ರಾಣ ಹೋಗುತ್ತದೆ. ಕೂರದೆ ಇದ್ದಾಗಲೇ ವಾಸಿ ಇತ್ತು.

ವಿಚಾರಣೆಗೆ ನಾಲ್ಕು ದಿನ.

ಏಪ್ರಿಲ್ ೨, ಬುಧವಾರ

ಇದನ್ನು ಬರೆಯುತ್ತಿರುವುದು ಆ ಕುರ್ಚಿಯ ಮೇಲೆ ಕೂತು. ಈಗ ಮಧ್ಯಾಹ್ನ ಎರಡೂಕಾಲು. ಕೂತದ್ದು ಹನ್ನೊಂದಕ್ಕೆ.

ನಾನು ಸಭೆ ಗಿಭೆ ಏನೂ ಮಾಡಿದವಳಲ್ಲ. ನಿನ್ನೆ ನಲ್ಲಿಯ ಹತ್ತಿರ ತಮ್ಮನಿಗೂ ಮಾವನಿಗೂ ನಾಲ್ಕು ಮಾತು ಹೇಳಿದೆ, ಅಷ್ಟೇ. ನಾಡಿದ್ದು ಅಕ್ಕನನ್ನು ಮನೆಗೆ ಕಳಿಸುತ್ತಾರೆ, ಕಳಿಸುವುದು ನನ್ನ ಕೈಬರಹ, ನಾಳೆ ಕೂತರೆ ಏಳಲು ನನ್ನ ಮೊಣಕಾಲಿಗೆ ಮನಸ್ಸಾಗುತ್ತದೋ ಇಲ್ಲವೋ ಗೊತ್ತಿಲ್ಲ ಎಂದೆ. ಅದನ್ನೇ ಅವರು ಹಿಡಿದುಕೊಂಡರೆ ನಾನೇನು ಮಾಡಲಿ?

ಹನ್ನೊಂದಕ್ಕೆ ಕೂತೆ. ಎರಡು ನಿಮಿಷಕ್ಕೆ ಮೇಲ್ವಿಚಾರಕರು ಕೆಮ್ಮಿದರು. ಇನ್ನೊಮ್ಮೆ ಕೆಮ್ಮಿದರು. ಮೂರನೆಯ ಕೆಮ್ಮಿಗೆ ತಮ್ಮ ಟಿಕೆಟ್ ಕಿಟಕಿ ಮುಚ್ಚಿ ಬಂದು ಇಸ್ತ್ರಿ ಮೇಜಿನಡಿ ನೆಲದ ಮೇಲೆ ಕೂತ. ಮಾವ ಗೇಟಿಗೆ ಚಿಲಕ ಹಾಕಿ ಬಂದು, ಅಯ್ಯಮ್ಮಾ ಎನ್ನುತ್ತ ಅವನ ಪಕ್ಕ ಕೂತ. ನೋಡಲು ಬಂದಿದ್ದವರು ಇದೂ ಪ್ರದರ್ಶನದ ಭಾಗ ಎಂದುಕೊಂಡು ಅವರೂ ಕೂತರು. ಇಪ್ಪತ್ತಮೂರು ಜನ.

ಮೇಲ್ವಿಚಾರಕರು ಹತ್ತಿರ ಬಂದರು.

"ಏನ್ರಿ ಇದು? ಏನ್ ಬೇಕು ನಿಮಗೆ?"

ಎಂಥ ಸಮಯ! ಇಪ್ಪತ್ತಮೂರು ಜನ ಬಾಯಿ ಬಿಟ್ಟು ನೋಡುತ್ತಿದ್ದಾರೆ. ಗೌರವದ ಪೀಠ ಎಂಬ ಆ ಮಾತು ಸಾವಿರ ಸಲ ಹೇಳಿ ನನಗೆ ನಿದ್ದೆಯಲ್ಲೂ ಬರುತ್ತದೆ. ಮೇಲ್ವಿಚಾರಕರೇ ಸೇರಿಸಿಕೊಟ್ಟ ಹೊಸ ಸಾಲೂ ಇತ್ತು. ಒಂದೂ ನೆನಪಾಗಲಿಲ್ಲ.

"ಕಾಲು ನೋಯ್ತಿದೆ ಸರ್" ಎಂದೆ.

ಅಷ್ಟೇ. ಇಂಥ ಅವಕಾಶ ಮತ್ತೆ ಸಿಕ್ಕೀತೇ? ಹತ್ತೊಂಬತ್ತು ವರ್ಷ ಕಥೆ ಹೇಳಿದವಳು ನಾನು, ಬಾಯಿಂದ ಬಂದದ್ದು ಇದು! ನಾಚಿಕೆಯಾಯಿತು. ಆಮೇಲೆ ತಮ್ಮನೇ, ಅಕ್ಕನನ್ನು ವಾಪಸ್ ಕರೆಸಿ, ಆಮೇಲೆ ಏಳುತ್ತೇವೆ ಎಂದು ಬಿಡಿಸಿ ಹೇಳಿದ.

ಮೇಲ್ವಿಚಾರಕರು ಇಲಾಖೆಗೆ ಫೋನ್ ಮಾಡಲು ಮೇಲಕ್ಕೆ ಓಡಿದರು. ಇಳಿದು ಬಂದು, ಆಮೇಲೆ ಯೋಚಿಸೋಣ ಎಂದರು. ನಾವು ಏಳಲಿಲ್ಲ. ಮತ್ತೆ ಹತ್ತಿದರು. ಇಳಿದು ಬಂದು, ವಿಚಾರಣೆ ಮುಂದಕ್ಕೆ ಹಾಕುತ್ತಾರಂತೆ ಎಂದರು. ಏಳಲಿಲ್ಲ. ಮತ್ತೆ ಹತ್ತಿದರು. ಈ ನಡುವೆ ಯಾರೋ ಪತ್ರಿಕೆಯವರಿಗೆ ತಿಳಿಸಿದ್ದಾರೆ, ಗೇಟಿನಾಚೆ ಕ್ಯಾಮೆರಾಗಳು ಕಾಣುತ್ತಿವೆ. ಈಗ ಸ್ವಲ್ಪ ಹೊತ್ತಿಗೆ ಮುಂಚೆ ಮೆಟ್ಟಿಲ ಕಂಬಿ ಹಿಡಿದುಕೊಂಡು ಏದುಸಿರು ಬಿಡುತ್ತ ಇಳಿದು ಬಂದರು.

"ಅಮಾನತು ರದ್ದು. ನಾಳೆಯಿಂದ ಆಕೆ ಬರಲಿ. ವಿಚಾರಣೆ ಇಲ್ಲ, ಆ ಪುಟಾನೂ ಇಲ್ಲ. ಈಗಾದ್ರೂ ಏಳ್ತೀರಾ?"

ತಮ್ಮ ನನ್ನ ಮುಖ ನೋಡಿದ. ಮಾವ ನೋಡಿದ. ಇಪ್ಪತ್ತಮೂರು ಜನವೂ ನೋಡಿದರು. ನನ್ನನ್ನು ಯಾಕೆ ನೋಡುತ್ತಾರೋ ಅರ್ಥವಾಗಲಿಲ್ಲ, ನಾನೇನು ಇದರ ಯಜಮಾನಿಯೇ? ಕೆಲಸ ಮುಗಿದಿತ್ತು, ಏಳಬೇಕೆಂದು ಕುರ್ಚಿಯ ಕೈ ಹಿಡಿದೆ. ನಾಳೆ ಅಕ್ಕ ಬರುತ್ತಾಳೆ, ಮೂರು ಗಂಟೆಗೆ ಮತ್ತೆ ತಲೆ ಸುತ್ತುತ್ತದೆ ಎಂದು ಆಗ ನೆನಪಾಯಿತು.

"ಬೆಂಚು?" ಎಂದೆ.

ಅವರು ತಿರುಗಿ ಮೆಟ್ಟಿಲ ಕಡೆ ಹೋದರು. ಇದು ನಾಲ್ಕನೆಯ ಸಲ. ಮಧ್ಯದಲ್ಲಿ ಒಮ್ಮೆ ನಿಂತು ಮೊಣಕಾಲು ಒತ್ತಿಕೊಂಡು ಮತ್ತೆ ಹತ್ತುತ್ತಿದ್ದಾರೆ. ಪಾಪ, ಕಾಲು ನೋಯುತ್ತಿರಬೇಕು.